ಅಣ್ಣನ ಸಹಿ

ಮಾರ್ಚ್ 3

ಮತ್ತೆ ವಾಪಸ್. ಈ ಪರದೇಶದ ನೋಂದಣಿ ಕಚೇರಿಯ ಕೌಂಟರಿನವನು ಫೈಲಿನ ಮೊದಲ ಪುಟ ಮಾತ್ರ ನೋಡಿದ. ಕಂಪನಿಗೆ ವಿಳಾಸ ಎಲ್ಲಿ? ಶೆಡ್ ನೋಡಿಟ್ಟಿದ್ದೇನೆ ಅಂದೆ. ಹಾಗಾದರೆ ಬಾಡಿಗೆ ಕರಾರು ತನ್ನಿ. ಶೆಡ್ಡಿನ ಮಾಲೀಕನ ಪ್ರಶ್ನೆ ಬೇರೆ — ಇಲ್ಲದ ಕಂಪನಿಯ ಹೆಸರಿಗೆ ಕರಾರು ಹೇಗೆ ಬರೆಯಲಿ? ಬ್ಯಾಂಕಿನವರಿಗೆ ನೋಂದಣಿ, ಕರಾರು ಎರಡೂ ಬೇಕು. ಈ ಎರಡೂ ಕಡೆಯವರಿಗೆ ಬ್ಯಾಂಕಿನ ಪತ್ರ ಬೇಕು. ಸುತ್ತುತ್ತಿದ್ದೇನೆ. ಗಾಣದ ಎತ್ತಿಗಾದರೂ ಸಂಜೆ ಹಿಂಡಿ ಸಿಗುತ್ತದೆ.

ಊರಿನಿಂದ ಅಣ್ಣನ ಫೋನ್. "ಏನೇ ಪುಟ್ಟಿ, ಆಯ್ತಾ?"

ನಲವತ್ತೆಂಟು ವರ್ಷದ ಪುಟ್ಟಿ. ಆಗಲಿಲ್ಲ ಅಂದೆ.

"ಒಂದು ಕಂಪನಿ ತೆರೆಯೋಕೆ ಇಷ್ಟು ದಿನಾನಾ? ನಾವು ಇಲ್ಲಿ ಶುರು ಮಾಡಿದಾಗ ಬೋರ್ಡ್ ಬರೆಸಿದ್ವಿ, ಬಾಗಿಲು ತೆಗೆದ್ವಿ. ಅಷ್ಟೇ ತಾನೆ?"

ಲೈಸೆನ್ಸಿಗೆ ಓಡಾಡಿದವಳು ನಾನು. ಕರೆಂಟು, ತೆರಿಗೆ, ಮಾಲಿನ್ಯದವರ ಒಪ್ಪಿಗೆ, ಎಲ್ಲಕ್ಕೂ ನಾನು. ಬಾಗಿಲು ತೆಗೆದದ್ದು ಮಾತ್ರ ಅವನು.

ಮಾರ್ಚ್ 4

ಇಲ್ಲಿ ಹಿಡಿದಿರುವ ವಕೀಲೆ ಚಿಕ್ಕ ವಯಸ್ಸಿನವಳು, ಚುರುಕು. ಆದರೆ ಏನು ಕೇಳಿದರೂ ನಾಳೆ ನೋಡೋಣ ಅನ್ನುತ್ತಾಳೆ. ಮನಸ್ಸಿನಲ್ಲೇ ನಾಳೆಮ್ಮ ಅಂತ ಹೆಸರಿಟ್ಟಿದ್ದೇನೆ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ. ನಡುವೆ ಇಬ್ಬರದ್ದೂ ಅಲ್ಲದ ಇಂಗ್ಲಿಷ್.

ಇವತ್ತು ಹೇಳುತ್ತಾಳೆ, ಕರಾರು ಬೇಡ, ಶೆಡ್ ಕೊಡುತ್ತೇನೆಂದು ಮಾಲೀಕ ಒಂದು ಒಪ್ಪಿಗೆ ಪತ್ರ ಕೊಟ್ಟರೆ ಸಾಕು. ಇದನ್ನು ಮೊದಲೇ ಹೇಳಲು ಏನಾಗಿತ್ತು? "ನೀವು ಕೇಳಲಿಲ್ಲ." ಮೈ ಉರಿದುಹೋಯಿತು.

ಹೂಡಿಕೆದಾರ ಅಣ್ಣ. ನಾನು ಅವನ ಪ್ರತಿನಿಧಿ. ಒಂದು ಫಾರಂನಲ್ಲಿ ಪ್ರಶ್ನೆ — ಕಂಪನಿಯ ನಿರ್ಧಾರಗಳನ್ನು ನಿಜವಾಗಿ ಮಾಡುವವರು ಯಾರು? ಅಣ್ಣನ ಹೆಸರು ಬರೆದೆ. ಅವನ ಸಹಿ ಬೇಕಾದ ಪುಟಗಳನ್ನು ರೂಮಿಗೆ ತಂದು, ಟೀ ಕುಡಿಯುತ್ತಾ ಎಲ್ಲಕ್ಕೂ ಸಹಿ ಹಾಕಿದೆ. ಕೊರಿಯರ್‌ನಲ್ಲಿ ಊರಿಗೆ ಕಳಿಸಿ, ತರಿಸಿಕೊಂಡು... ಯಾರಿಗೆ ಬೇಕು ಆ ರಾಮಾಯಣ.

ಇದೇನು ಹೊಸದಲ್ಲ. ನಮ್ಮದು ಕುಕ್ಕರ್ ರಿಂಗು, ನಲ್ಲಿ ವಾಷರು ಮಾಡುವ ರಬ್ಬರ್ ಫ್ಯಾಕ್ಟರಿ. ರಬ್ಬರನ್ನು ಅಚ್ಚಿಗೆ ಒತ್ತುವ ಪ್ರೆಸ್ ನಡೆಸುವವನು ಅಣ್ಣ, ಅವನ ಕೈ ಸದಾ ರಬ್ಬರಿಗೆ ಬೆರೆಸುವ ಕಾರ್ಬನ್ ಪುಡಿಯಿಂದ ಕಪ್ಪು. ಶುರುವಿನಲ್ಲಿ ಅವನು ಮುಟ್ಟಿದ ಕಾಗದವೆಲ್ಲ ಮಸಿಯಾಗುತ್ತಿತ್ತು. "ನೀನೇ ಹಾಕಿಬಿಡೇ, ಪ್ರೆಸ್ ಬಿಟ್ಟು ಬರೋಕಾಗಲ್ಲ" ಅಂದ. ಅವತ್ತಿನಿಂದ ಅಣ್ಣನ ಸಹಿ ನನ್ನದು. ಚೆಕ್ಕು, ತೆರಿಗೆ, ಬ್ಯಾಂಕಿನ ಮಾದರಿ ಕಾರ್ಡು ಕೂಡ. ಒಳ್ಳೆಯ ಸಹಿ. ಕೊನೆಯಲ್ಲಿ ಒಂದು ಸುರುಳಿ, ಕೆಳಗೆ ಗೆರೆ. ಅದರ ಚಂದ ನೋಡಿಯೇ ಬ್ಯಾಂಕ್ ಮ್ಯಾನೇಜರು ಅಣ್ಣನನ್ನು ಹೊಗಳಿದ್ದರು.

ಮಾರ್ಚ್ 11, ಸಂಜೆ

ಶೆಡ್ಡಿಗೆ ಹೋಗಿದ್ದೆ. ಮಾಲೀಕ ಪತ್ರ ಕೊಟ್ಟ. ಒಳಗೆ ಒಬ್ಬಳೇ ಓಡಾಡಿದೆ. ನೆಲ ಗಟ್ಟಿ, ಪ್ರೆಸ್‌ನ ಭಾರ ತಡೆಯುತ್ತದೆ. ಕಿಟಕಿ ಎತ್ತರದಲ್ಲಿ, ಬಿಸಿ ಗಾಳಿ ಹೋಗಲು ದಾರಿ ಇದೆ. ಮಿಕ್ಸಿಂಗ್ ಎಲ್ಲಿ, ಪ್ಯಾಕಿಂಗ್ ಎಲ್ಲಿ, ಎಲ್ಲ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗುರುತು ಹಾಕಿದೆ. ನನ್ನ ಮೇಜು ಬಾಗಿಲ ಪಕ್ಕ. ಊರಿನಲ್ಲಿ ನನ್ನ ಮೇಜು ಸ್ಟೋರ್‌ರೂಮಿನಲ್ಲಿದೆ, ಗೋಣಿಚೀಲಗಳ ಹಿಂದೆ.

ಈ ಶೆಡ್ ನನಗೆ ಬೇಕು. ಬೇಕೇ ಬೇಕು. ಇಷ್ಟು ಆಸೆ ಯಾವುದಕ್ಕೂ ಪಟ್ಟಿದ್ದು ನೆನಪಿಲ್ಲ.

ನನ್ನ ವೀಸಾ ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಅಷ್ಟರೊಳಗೆ ಆಗದಿದ್ದರೆ ನಾನು ಊರಿಗೆ, ನನ್ನ ಜಾಗಕ್ಕೆ ಅಣ್ಣನ ಅಳಿಯ. ಅತ್ತಿಗೆಯ ಆಸೆ ಅದು. ಆ ಮಹಾರಾಯ ಫ್ಯಾಕ್ಟರಿಗೆ ಬಂದರೆ ಮೂಗಿಗೆ ಕರ್ಚೀಫು ಹಿಡಿದುಕೊಂಡೇ ನಿಲ್ಲುತ್ತಾನೆ, ರಬ್ಬರ್ ವಾಸನೆ ಆಗಲ್ಲವಂತೆ.

ಮಾರ್ಚ್ 19

ತಲೆ ಚಿಟ್ಟು ಹಿಡಿದಿದೆ.

ಬ್ಯಾಂಕಿನಲ್ಲಿ ನಮ್ಮ ಫೈಲು ನೋಡುವ ಹೆಂಗಸು ಎಲ್ಲ ಕಾಗದ ಮೇಜಿನ ಮೇಲೆ ಹರಡಿದಳು. ಪಕ್ಕದಲ್ಲಿ ಅಣ್ಣನ ಪಾಸ್‌ಪೋರ್ಟಿನ ಪ್ರತಿ. ಬೆರಳಿಟ್ಟು ತೋರಿಸಿದಳು. ಅರ್ಜಿಗಳಲ್ಲಿ ಸುರುಳಿ, ಗೆರೆ. ಪಾಸ್‌ಪೋರ್ಟಿನಲ್ಲಿ ಕೋಳಿ ಕೆದಕಿದ ಹಾಗೆ ಏನೋ.

ಹೌದಲ್ಲ. ಪಾಸ್‌ಪೋರ್ಟ್ ಕಚೇರಿಗೆ ಅಣ್ಣನೇ ಹೋಗಿದ್ದ. ಅವನ ಜೀವಮಾನದಲ್ಲಿ ಅವನ ಕೈಯಾರೆ ಹಾಕಿದ ಸಹಿ ಅದೊಂದೇ ಇರಬೇಕು.

ವಯಸ್ಸಾಯಿತು, ಕೈ ಬದಲಾಗಿದೆ ಅಂದೆ. "ಪಾಸ್‌ಪೋರ್ಟ್ ಹೋದ ವರ್ಷದ್ದು" ಅಂದಳು. ನಗಲೂ ಇಲ್ಲ. ಅಣ್ಣ ಖುದ್ದಾಗಿ ಬಂದು ಅವಳೆದುರು ಸಹಿ ಹಾಕಬೇಕಂತೆ. ಅದು ಊರಿನ ಬ್ಯಾಂಕು ಕಳಿಸಿದ ಮಾದರಿಗೂ ಸರಿಹೊಂದಬೇಕಂತೆ. ಊರಿನ ಬ್ಯಾಂಕಿನಲ್ಲಿರುವುದು ನನ್ನ ಸುರುಳಿ!

ಮಾರ್ಚ್ 21

ವಿಡಿಯೋ ಕಾಲ್. ಅಣ್ಣನಿಗೆ ಅಣ್ಣನ ಸಹಿ ಕಲಿಸುವ ಕಾರ್ಯಕ್ರಮ.

"ಮೊದಲ ಅಕ್ಷರ ಎತ್ತರಕ್ಕೆ ಎಳಿ. ಕೈ ಎತ್ತಬೇಡ... ಎತ್ತಬೇಡ ಅಂದ್ನಲ್ಲ!"

"ನನ್ನ ಸಹಿ ನನಗೇ ಹೇಳಿಕೊಡ್ತೀಯಾ?"

"ನಿಂದಲ್ಲ ಅದು, ನಂದು. ಸುರುಳಿ ಎಡಗಡೆಗೆ, ಅಣ್ಣಾ. ಎಡಗಡೆ!"

"ಇದೇನೇ ಇದು, ಜಿಲೇಬಿ ಸುತ್ತಿದ ಹಾಗೆ. ಸರಳವಾಗಿ ಹಾಕೋಕೇನಾಗಿತ್ತು ನಿಂಗೆ?"

ಫೋನಿನ ಕ್ಯಾಮೆರಾಕ್ಕೆ ಕಾಗದ ಹಿಡಿದು ತೋರಿಸಿದ. ಹೆಬ್ಬೆರಳಿನ ಕಪ್ಪು ಗುರುತು ಅಂಚಿನಲ್ಲಿ. ಸಹಿ ಅಂತೂ ದೇವರಿಗೇ ಪ್ರೀತಿ. ಪ್ರೆಸ್‌ನ ಶಾಖ ಹತ್ತು ಡಿಗ್ರಿ ಹೆಚ್ಚುಕಡಿಮೆಯಾದರೂ ಕೈಯಲ್ಲೇ ಅಂದಾಜು ಮಾಡುತ್ತಾನೆ, ಒಂದು ಸುರುಳಿ ಬಾರದು.

ಅತ್ತಿಗೆ ಹಿಂದಿನಿಂದ: "ಅಳಿಯಂದ್ರು ಹೋಗಿದ್ರೆ ಈ ತಾಪತ್ರಯವೇ ಇರ್ತಿರಲಿಲ್ಲ." ಫೋನ್ ಇಟ್ಟೆ.

ಏಪ್ರಿಲ್ 8

ಅಣ್ಣ ಬಂದ. ಇಷ್ಟು ದಿನ ಬರೆಯಲಿಲ್ಲ, ಬರೆಯಲು ಇದ್ದದ್ದು ಬೈಗುಳ ಮಾತ್ರ. ಟಿಕೆಟ್ಟು, ಅವನ ವೀಸಾ, ಅದಕ್ಕೂ ಸಹಿ.

ಸೂಟ್‌ಕೇಸಿನಲ್ಲಿ ಎರಡು ಜೊತೆ ಬಟ್ಟೆ, ಒಂದು ಕಟ್ಟು ಹಾಳೆ. ಹಾಳೆ ತುಂಬ ಸಹಿ, ಅಭ್ಯಾಸ ಮಾಡಿದ್ದು. ನೋಡಿ ಪಾಪ ಅನಿಸಿತು. ಜೊತೆಗೆ ಸಿಟ್ಟೂ ಬಂತು, ಯಾಕೆಂದರೆ ಒಂದೂ ಸರಿಯಿಲ್ಲ.

ಏಪ್ರಿಲ್ 9, ಮಧ್ಯಾಹ್ನ

ಬ್ಯಾಂಕಿಗೆ ಹೋಗುವ ಮೊದಲು ನಾಳೆಮ್ಮನ ಕಚೇರಿಯಲ್ಲಿ ತಯಾರಿ. ಅವಳು ಬ್ಯಾಂಕಿನವರ ಹಾಗೆ ಕೇಳುವುದು, ಅಣ್ಣ ಉತ್ತರ ಹೇಳುವುದು, ನಾನು ನಡುವೆ ಅನುವಾದ.

ಪ್ರೆಸ್ ಬಗ್ಗೆ ಕೇಳಿದಳು. ಅಣ್ಣ ನಿಲ್ಲಿಸಲೇ ಇಲ್ಲ. ದೊಡ್ಡ ಗಿರಾಕಿ ಯಾರು ಅಂದಳು. ಅಣ್ಣ ನನ್ನ ಮುಖ ನೋಡಿದ. ರೇಟು ಯಾರು ಕಟ್ಟುತ್ತಾರೆ? ನನ್ನ ಮುಖ. ಈ ದೇಶವನ್ನೇ ಯಾಕೆ ಆರಿಸಿದಿರಿ? ಮತ್ತೆ ನನ್ನ ಮುಖ. ನಾನು ಏನೋ ಸೇರಿಸಿ ಹೇಳುತ್ತಿದ್ದೆ. ಅವಳು ಕೈ ಎತ್ತಿ ತಡೆದಳು. ಈ ಸಹಿ ಯಾರದ್ದು, ನೇರವಾಗಿ ಹೇಳಿ.

ಅಷ್ಟು ಇಂಗ್ಲಿಷ್ ಅಣ್ಣನಿಗೆ ಅರ್ಥವಾಯಿತು. "ಹರ್ಸ್" ಅಂದ, ನನ್ನ ಕಡೆ ಬೆರಳು ಮಾಡಿ. ಹೆಮ್ಮೆಯಿಂದ ಬೇರೆ! ಭೂಮಿ ಬಾಯಿ ಬಿಡಬಾರದೇ ಅನಿಸಿತು.

ನಾಳೆಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಆಮೇಲೆ ಮೊದಲ ಸಲ ನಾಳೆ ಅನ್ನಲಿಲ್ಲ. ಇವತ್ತೇ ಎಲ್ಲ ಅರ್ಜಿ ವಾಪಸ್ ತೆಗೆಯಬೇಕು. ನಿಜವಾಗಿ ನಡೆಸುವವರು ಯಾರೋ ಅವರ ಹೆಸರಿನಲ್ಲಿ ಹೊಸ ಅರ್ಜಿ. ಊರಿನ ಫ್ಯಾಕ್ಟರಿಯಲ್ಲಿ ನನ್ನ ಪಾಲು ಎಷ್ಟು ಅಂತ ಕೇಳಿದಳು.

ಏನೂ ಇಲ್ಲ ಅಂದೆ. ಜೋರಾಗಿ ಹೇಳಿದ್ದು ಇದೇ ಮೊದಲು. ಇಲ್ಲದಿದ್ದರೆ ಆಗುವುದಿಲ್ಲ, ಹಣ ಅಲ್ಲಿಂದ ಬರುವುದು, ಅಲ್ಲಿ ಪಾಲುದಾರರಾಗಿರಬೇಕು ಅಂದಳು. ಇದನ್ನು ಅಣ್ಣನಿಗೆ ಅನುವಾದ ಮಾಡಬೇಕಾದವಳು ನಾನೇ. ಮಾಡಿದೆ, ನೆಲ ನೋಡುತ್ತಾ.

ಅದೇ ದಿನ, ಸಂಜೆ

ಅವನನ್ನು ಶೆಡ್ಡಿಗೆ ಕರೆದುಕೊಂಡು ಹೋದೆ. ಸೀಮೆಸುಣ್ಣದ ಗೆರೆಗಳ ಮೇಲೆಲ್ಲ ನಡೆದ.

"ಪ್ರೆಸ್ ಇಲ್ಲಿ ಬೇಡ. ಒಂದಡಿ ಆಚೆ. ಅಚ್ಚು ಎಳೆಯೋಕೆ ಜಾಗ ಬೇಕಲ್ಲ."

ಅಷ್ಟೇ. ಪಾಲಿನ ಮಾತೇ ಇಲ್ಲ. ನನ್ನ ತಾಳ್ಮೆ ಹೋಯಿತು.

"ಅಳಿಯನ ಹೆಸರಿಗೆ ಮಾಡ್ತೀಯಾ? ಮಾಡು. ಆದ್ರೆ ಅವನ ಸಹಿ ನಾನು ಕಲಿಯಲ್ಲ."

"ಯಾರು ಅಳಿಯ ಅಂದ್ರು?"

"ಅತ್ತಿಗೆ ದಿನಾ ಹೇಳ್ತಾಳೆ, ನೀನು ಸುಮ್ನಿರ್ತೀಯ. ಇಷ್ಟು ವರ್ಷ ನಿನ್ನ ಹೆಸರು ಬರೆದೆ ಅಣ್ಣಾ. ಒಂದು ದಿನ ಆದ್ರೂ ನಿಂಗೇನು ಬೇಕೇ ಅಂತ ನನ್ನ ಕೇಳಿದ್ಯಾ?"

ಕೂಗಿಬಿಟ್ಟಿದ್ದೆ. ಖಾಲಿ ಶೆಡ್, ಮಾತು ಗೋಡೆಗೆ ಬಡಿದು ವಾಪಸ್ ಬಂತು. ಅಣ್ಣ ಬಾಗಿಲ ಪಕ್ಕದ ಗೆರೆ ನೋಡುತ್ತಿದ್ದ.

"ಇದೇನು?"

"ನನ್ನ ಮೇಜು."

"ನೀನು ಕೇಳಲಿಲ್ಲವಲ್ಲೇ" ಅಂದ. ಅಳು ಬಂತು, ಸಿಟ್ಟಿಗೆ. ಕೇಳದೆ ಕೊಡಬಾರದೇ? ಅದನ್ನೂ ಅಂದೆ.

ಏಪ್ರಿಲ್ 10

ಬೆಳಿಗ್ಗೆ ಏಳುವಷ್ಟರಲ್ಲಿ ಅಣ್ಣ ಊರಿನ ಆಡಿಟರ್ ಜೊತೆ ಫೋನಿನಲ್ಲಿದ್ದ. "ಅರ್ಧ ಅಂದ್ರೆ ಅರ್ಧ ಕಣ್ರೀ. ಹೌದು, ತಂಗಿಗೇ. ಇಲ್ಲಿನದು ಪೂರ್ತಿ ಅವಳ ಹೆಸರಿಗೆ. ನಮ್ಮನೆಯವಳಿಗೆ ನಾನು ಹೇಳ್ತೀನಿ, ನೀವು ಕಾಗದ ಮಾಡಿ." ನನ್ನ ಕಡೆ ತಿರುಗಿದ. "ಮೆಷಿನ್ ಕೆಟ್ರೆ ಮಾತ್ರ ನಾನೇ. ಬೇರೆಯವರು ಮುಟ್ಟಬಾರದು."

ಸರಿ ಅಂದೆ.

ಏಪ್ರಿಲ್ 24, ಬ್ಯಾಂಕಿನ ಬೆಂಚು

ಕಾಗದ ಬಂತು. ಅರ್ಜಿ ಹೋಯಿತು. ನೋಂದಣಿ ಆಯಿತು. ಅದೇ ಕೌಂಟರಿನವನು, ಈ ಸಲ ಕೊನೆಯ ಪುಟದವರೆಗೂ ನೋಡಿದ. ಉಳಿದಿದ್ದು ಬ್ಯಾಂಕ್ ಖಾತೆ. ನನ್ನ ವೀಸಾ ಮುಗಿಯುತ್ತ ಬಂತು, ಇವತ್ತೇ ಆಗಬೇಕು.

ಆ ಹೆಂಗಸು ಮಾದರಿ ಕಾರ್ಡು ಕೊಟ್ಟು, ಮೂರು ಸಲ ಸಹಿ ಹಾಕಿ ಅಂದಳು. ಹಾಕಿದೆ. ಸರಸರನೆ, ಸುರುಳಿ, ಕೆಳಗೆ ಗೆರೆ. ಅವಳು ಕಾರ್ಡು ನೋಡಿ, ನನ್ನ ನೋಡಿ, ಕನ್ನಡಕ ತೆಗೆದಳು. ಅಣ್ಣನ ಸಹಿ! ಥೂ ನನ್ನ ಕೈಗಿಷ್ಟು. ಹೊರಗೆ ಕೂತು ಸಮಾಧಾನ ಮಾಡಿಕೊಂಡು ಬನ್ನಿ, ಕರೆಯುತ್ತೇನೆ, ಇನ್ನೊಂದೇ ಕಾರ್ಡು ಕೊಡುವುದು ಅಂದಳು.

ನನ್ನ ಪಾಸ್‌ಪೋರ್ಟ್ ತೆಗೆದು ನನ್ನ ಸಹಿ ಹೇಗಿದೆ ಅಂತ ನೋಡಿಕೊಳ್ಳುತ್ತಿದ್ದೇನೆ. ಸಣ್ಣದು, ಸ್ಕೂಲ್ ಹುಡುಗಿಯದರ ಹಾಗೆ. ಈ ಪುಟದ ಕೆಳಗೆ ನಾಲ್ಕು ಸಲ ಬರೆದು ನೋಡಿದೆ. ನಾಲ್ಕೂ ಬೇರೆ ಬೇರೆ. ಅಣ್ಣ ಪಕ್ಕದಲ್ಲಿ ಕೂತು, "ಕೈ ಎತ್ತಬೇಡ" ಅಂತ ಹೇಳಿಕೊಡುತ್ತಿದ್ದಾನೆ. ಬಡಿಯಬೇಕು ಅನಿಸುತ್ತಿದೆ.

ಕರೆದರು. ಪೂರ್ತಿ ಹೆಸರು ಹಿಡಿದು, ಕಂಪನಿಯ ಮಾಲೀಕರು ಅಂತ. ನಾನು ಅಣ್ಣನ ಮುಖ ನೋಡುತ್ತಿದ್ದೇನೆ, ಏಳಲಿ ಅಂತ. ಅವನು ಏಳುತ್ತಿಲ್ಲ. "ನಿನ್ನನ್ನೇ ಕಣೇ ಕರೀತಿರೋದು, ಬರೆಯೋದು ಬಿಟ್ಟು ಏಳೇ" ಅಂತ ಮೊಣಕೈಯಲ್ಲಿ ತಿವಿ—