ಹೊನ್ನಾಳಿ ಕಡೆ ವಾಲಿದ ಬಣವೆ

ನ್ಯಾಮತಿ
ಬುಧವಾರ, 11 ಡಿಸೆಂಬರ್ 2024

ಪ್ರೀತಿಯ ಸಂಘಮಿತ್ರಾ, ಜೈಭೀಮ್.

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ದಾವಣಗೆರೆಯ ಹಾಸ್ಟೆಲ್ ಊಟ ಒಗ್ಗುತ್ತಿಲ್ಲ ಎಂದಿದ್ದೆಯಲ್ಲ, ಅದಕ್ಕೆ ಅವ್ವ ಶೇಂಗಾ ಚಟ್ನಿಪುಡಿ ಕುಟ್ಟಿದ್ದಾಳೆ. ಪಕ್ಕದ ಮನೆ ನಿರ್ಮಲಮ್ಮ ನಾಳೆ ಕಣ್ಣು ತೋರಿಸಲು ಅಲ್ಲಿಗೇ ಬರುತ್ತಾರೆ, ಡಬ್ಬಿಯ ಜೊತೆ ಈ ಕಾಗದವನ್ನೂ ಅವರ ಕೈಯಲ್ಲಿ ಕಳಿಸುತ್ತೇನೆ. ಇಲ್ಲಿ ಎಲ್ಲರೂ ಆರಾಮ. ಅಪ್ಪನ ಮೊಣಕಾಲು ಮಾತ್ರ ಚಳಿಗೆ ಹಠ ಹಿಡಿದಿದೆ. ಮಗಳು ಚೈತ್ರಶ್ರೀಗೆ ಎರಡು ಜಡೆ ಹಾಕುವುದನ್ನು ಕಲಿತಿದ್ದೇನೆ. ಒಂದು ಮೇಲೆ, ಒಂದು ಕೆಳಗೆ ಬರುತ್ತದೆ, ಆದರೂ ಅವಳು ದೊಡ್ಡ ಮನಸ್ಸು ಮಾಡಿ ಹಾಗೇ ಶಾಲೆಗೆ ಹೋಗುತ್ತಾಳೆ. ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನನಗೆ ಮಾತು ಹೊರಡುವುದಿಲ್ಲ, ಅಷ್ಟರಲ್ಲಿ ನೀನು ಇಟ್ಟುಬಿಡುತ್ತೀಯ.

ಭಾನುವಾರ ನೀನು ಹೇಳಿದ್ದೆಲ್ಲ ತಲೆಯಲ್ಲೇ ಇದೆ. ತರಬೇತಿಯ ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಎಡಗಡೆ ಕಂಬಕ್ಕೆ ತಾಗಿಸಿದ್ದು, ಜೊತೆಯವರು ನಕ್ಕಿದ್ದು, "ನನ್ನ ಕೈಲಿ ಆಗಾಕಿಲ್ಲ ರೀ, ಎಡಗಡೆ ಕನ್ನಡಿ ನೋಡಾಕೇ ಭಯ ಆಗ್ತೈತೆ, ಶನಿವಾರ ಬಂದ್ಬಿಡ್ತೀನಿ" ಎಂದದ್ದು. ಹೊನ್ನಾಳಿ ಸಂತೆಗೆ ಲಗೇಜ್ ಆಟೋದಲ್ಲಿ ಟೊಮೆಟೊ ಹೇರಿಕೊಂಡು, ಎದುರು ಬಂದ ಲಾರಿಯವರಿಗೇ ದಬಾಯಿಸಿ ದಾರಿ ಬಿಡಿಸಿಕೊಳ್ಳುತ್ತಿದ್ದವಳು ನೀನು. ಸರ್ಕಾರಿ ಬಸ್ ಓಡಿಸಲು ಆಯ್ಕೆಯಾದಾಗ ಇಡೀ ಕೇರಿ ನಮ್ಮ ಮನೆ ಮುಂದೆ ನಿಂತಿತ್ತು. ಆ ಹೆಂಗಸಿನ ಬಾಯಲ್ಲಿ ಈ ಮಾತು ಕೇಳಿ ನನಗೆ ಸಂಕಟವಾಯಿತು. ಧೈರ್ಯ ಹೇಳೋಣ ಎಂದರೆ ಆವತ್ತು ಹೇಳುವ ಮುಖ ನನಗಿರಲಿಲ್ಲ, ಯಾಕೆಂದರೆ ನಾನು ಹಾಕಿದ ಬಣವೆ ಅದೇ ಬೆಳಿಗ್ಗೆ ವಾಲಿತ್ತು.

ನಿನಗೆ ಗೊತ್ತಲ್ಲ, ಹುಲ್ಲಿನ ಬಣವೆ ಎಂದರೆ ಈ ಸುತ್ತಿನಲ್ಲಿ ನಮ್ಮಪ್ಪ ಮೂಕಪ್ಪನೇ ಆಗಬೇಕಿತ್ತು. ಅಪ್ಪ ಮೇಲೆ ನಿಂತು ಜೋಡಿಸಿದ ಬಣವೆಯೊಳಗೆ ಎಂಥ ಮಳೆಗೂ ನೀರು ಇಳಿಯುತ್ತಿರಲಿಲ್ಲ. ಆದರೆ ಅವೆಲ್ಲ ಊರವರ ಹುಲ್ಲು. ಪಾಲಿಗೆ ಮಾಡಿದ ಗದ್ದೆಯಿಂದ ನಮ್ಮದು ಎನ್ನುವ ಹುಲ್ಲು ಬಂದದ್ದು ಈ ವರ್ಷ, ಅದೂ ಅಪ್ಪನಿಗೆ ಏಣಿ ಹತ್ತಲಾಗದ ವರ್ಷ. "ನೀನೇ ಹತ್ತು" ಎಂದ. ಹುಟ್ಟಿದಾಗಿನಿಂದ ಕೆಳಗೆ ನಿಂತು ಹುಲ್ಲಿನ ಸಿವುಡು ಎಸೆದ ನಾನು ಮೇಲೆ ಹೋಗಿ ನಿಂತೆ. ಕೆಳಗಿಂದ ನೋಡುವಾಗ ಅದೇನು ಎತ್ತರ ಎನಿಸುತ್ತಿತ್ತು, ಆದರೆ ಮೇಲೆ ನಿಂತವನಿಗೆ ತನ್ನ ಬಣವೆಯ ಆಕಾರವೇ ಕಾಣುವುದಿಲ್ಲ, ಕಾಲಡಿಯ ಹುಲ್ಲು ಮಾತ್ರ ಕಾಣುತ್ತದೆ. ಒಂದು ಕಡೆ ಬೇವಿನ ಮರ, ಜಾರಿದರೆ ಹಿಡಿದುಕೊಳ್ಳಲು ಕೊಂಬೆ. ಇನ್ನೊಂದು ಕಡೆ ಹೊನ್ನಾಳಿ ರಸ್ತೆ, ಹಿಡಿಯಲು ಏನೂ ಇಲ್ಲ, ನೋಡಲು ಊರೇ ಇದೆ. ನಾನು ಬೇವಿನ ಮಗ್ಗುಲಲ್ಲೇ ಸುತ್ತುತ್ತಾ ಅಲ್ಲೇ ಚೆನ್ನಾಗಿ ತುಳಿದೆ. ರಸ್ತೆ ಕಡೆಗೆ ಸಿವುಡುಗಳನ್ನು ದೂರದಿಂದಲೇ ಎಸೆದು ಕೈ ತೊಳೆದುಕೊಂಡೆ.

ಭಾನುವಾರ ಎದ್ದು ನೋಡಿದರೆ ಬಣವೆ ರಸ್ತೆ ಕಡೆಗೆ ಬಗ್ಗಿತ್ತು. ದಾಸಪ್ಪ ಮಾವ ಬೈಕ್ ನಿಲ್ಲಿಸಿ, "ಏನಪಾ ರವಿ, ನಿಮ್ಮ ಬಣವೆ ಹೊನ್ನಾಳಿ ಕಡೆ ಹೊಂಟೈತಲ್ಲ, ಬಸ್ ಬಂದಿಲ್ವಾ?" ಎಂದರು. ಆವತ್ತು ಆ ದಾರಿಯಲ್ಲಿ ಹೋದವರೆಲ್ಲ ಒಂದೊಂದು ಮಾತು ಎಸೆದೇ ಹೋದರು. ನಾಚಿಕೆಯಿಂದ ಎರಡು ಬಿದಿರು ಗಳ ತಂದು ವಾಲಿದ ಕಡೆಗೆ ಆತು ಕೊಡಲು ಹೊರಟೆ. ಹಾಗೆ ಗಳ ಊರಿದರೆ ಬಣವೆ ವರ್ಷಪೂರ್ತಿ ನಿಲ್ಲುತ್ತದೆ, ಆದರೆ ಮಳೆಗಾಲದಲ್ಲಿ ನೀರಿಳಿದು ಒಳಗೊಳಗೇ ಕೊಳೆಯುತ್ತದೆ, ಎಮ್ಮೆಗಳಿಗೆ ಕಪ್ಪು ಹುಲ್ಲೇ ಗತಿ. ಗೊತ್ತಿದ್ದೂ ಹೊರಟೆ. ಅಪ್ಪ ಜಗಲಿಯಿಂದ ಏಳದೆ, "ಗಳ ಇಡು ಕೆಳಗೆ. ಕೆಡವು. ಕೆಡವಿದ್ರೆ ಹುಲ್ಲೇನು ಹಾಳಾಗ್ತೈತಾ? ಮತ್ತೆ ಹಾಕಾಕೆ ಬರ್ತೈತೆ" ಎಂದ. ಸಿಟ್ಟು ಮಾಡಿಕೊಳ್ಳಲಿಲ್ಲ, ಅದಕ್ಕೇ ಇನ್ನೂ ಕಷ್ಟವಾಯಿತು.

ಸೋಮವಾರ ಕೆಡವಿದೆ. ಎಲ್ಲಿ ತಪ್ಪಿತು ಎಂದು ಆಗ ಅಪ್ಪ ತೋರಿಸಿದ. ಬೇವಿನ ಕಡೆಯ ಹುಲ್ಲು ಕಲ್ಲಿನ ಹಾಗೆ ಕೂತಿತ್ತು, ರಸ್ತೆ ಕಡೆಯದು ಕೈ ಹಾಕಿದರೆ ಉದುರುತ್ತಿತ್ತು. "ಯಾವ ಕಡೆ ಹೆದರಿ ಕಾಲಿಡಲಿಲ್ವೋ ಆ ಕಡೆಗೇ ವಾಲೈತೆ ನೋಡು" ಎಂದ. ನಿನ್ನೆ ಮತ್ತೆ ಹತ್ತಿದೆ. ಭಯ ಹೋಗಿತ್ತು ಎಂದುಕೊಳ್ಳಬೇಡ, ಕಾಲು ನಡುಗುತ್ತಲೇ ಇತ್ತು. ಅಪ್ಪ ಕೋಲೂರಿಕೊಂಡು ಬಣವೆಯ ಸುತ್ತ ಕುಂಟುತ್ತಾ, "ಹೊನ್ನಾಳಿ ಕಡೆ ಬಾ, ಇನ್ನೊಂದ್ ಹೆಜ್ಜೆ ಬಾ, ನಾನ್ ನೋಡಾಕತ್ತೀನಿ" ಎನ್ನುತ್ತಿದ್ದ. ನನಗೆ ಕಾಣದ ಆಕಾರ ಅವನಿಗೆ ಕಾಣುತ್ತಿತ್ತು. ನಡುಗುವ ಕಾಲಲ್ಲೇ ಅಂಚಿನವರೆಗೂ ತುಳಿದೆ. ನಡುಗುವ ಕಾಲಿಗೂ ಹುಲ್ಲು ಕೂರುತ್ತದೆ, ಸಂಘಮಿತ್ರಾ. ಇಷ್ಟು ವಯಸ್ಸಾದ ಮೇಲೆ ನನಗೆ ಇದು ಗೊತ್ತಾಯಿತು.

ಬಣವೆ ಈಗ ನಿಂತಿದೆ. ಅಪ್ಪ ಹಾಕುತ್ತಿದ್ದಷ್ಟು ಚೆಂದವಿಲ್ಲ, ನಡುವೆ ಸ್ವಲ್ಪ ಹೊಟ್ಟೆ ಬಂದಿದೆ. ನನ್ನ ಹೊಟ್ಟೆಯೇ ಎಂದು ಅವ್ವ ನಗುತ್ತಾಳೆ. ದಾಸಪ್ಪ ಮಾವ ಇವತ್ತೂ ಬೈಕ್ ನಿಲ್ಲಿಸಿದರು, ನೋಡಿದರು, ಏನೂ ಹೇಳದೆ ಹೋದರು. ಅಷ್ಟು ಸಾಕು ನನಗೆ. ಬಸ್ಸಿನ ವಿಷಯ ನನಗೆ ತಿಳಿಯುವುದಿಲ್ಲ, ಬುದ್ಧಿ ಹೇಳುತ್ತಿದ್ದೇನೆ ಎಂದು ತಿಳಿಯಬೇಡ. ಇಲ್ಲಿ ನಡೆದದ್ದನ್ನು ನಿನಗೆ ಹೇಳದಿದ್ದರೆ ಇನ್ಯಾರಿಗೆ ಹೇಳಲಿ ಎಂದು ಬರೆದೆ. ಅಪ್ಪ ಅವ್ವ ಹರಸಿದ್ದಾರೆ. ಮಗಳು ಮುತ್ತು ಕಳಿಸಿದ್ದಾಳೆ, ಎರಡು ಜಡೆಯ ವಿಷಯ ನಿನಗೆ ಹೇಳಬಾರದು ಎಂದೂ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ರವಿಕುಮಾರ್

ಮರೆತಿದ್ದೆ, ಬೆಳಗಾಗಿದೆ, ನಿರ್ಮಲಮ್ಮ ಹೊರಟು ಬಾಗಿಲಲ್ಲೇ ನಿಂತಿದ್ದಾರೆ, ಬೇಗ ಬರೆಯುತ್ತೇನೆ: ಶನಿವಾರ ಬರುತ್ತೇನೆ ಎಂದೆಯಲ್ಲ, ಬಾ. ಬೇಡ ಎನ್ನುವುದಿಲ್ಲ, ನನಗೂ ನಿನ್ನನ್ನು ನೋಡಬೇಕಾಗಿದೆ. ಬಣವೆಯನ್ನೂ ನೋಡುವೆಯಂತೆ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ನಾನೇ ಬೈಕಿನಲ್ಲಿ ಬಿಡುತ್ತೇನೆ. ನಿನ್ನ ಟ್ರಂಕು, ಹಾಸಿಗೆ ಮಾತ್ರ ಅಲ್ಲೇ ಬಿಟ್ಟು ಬಾ.