ನಗು ಮುಗಿಯಲೆಂದು ಕಾದ ಯಂತ್ರ

ಅಪ್ಪಾ,

ನಮ್ಮ ಆಸ್ಪತ್ರೆಗೆ ಹೊಸ ವಿಕಿರಣ ಯಂತ್ರ ಬಂದಿದೆ. ರೋಗಿ ಉಸಿರು ಹಿಡಿದಾಗ ಮಾತ್ರ ಕ್ಯಾನ್ಸರ್ ಗೆಡ್ಡೆಗೆ ಕಿರಣ ಬಿಡುತ್ತದೆ. ಉಸಿರು ಬಿಟ್ಟರೆ ತಾನೇ ನಿಲ್ಲಿಸುತ್ತದೆ.

ಇವತ್ತು ಮೈಕಿನಲ್ಲಿ ಒಬ್ಬ ಅಜ್ಜಿಗೆ, "ಉಸಿರು ಬಿಗಿಯಾಗಿ ಹಿಡ್ಕೊಳ್ಳಿ," ಅಂದೆ.

"ಹಿಡ್ಕೊಂಡೇ ಇದೀನಪ್ಪಾ, ಅದಕ್ಕೇ ಅಲ್ವಾ ಇಲ್ಲಿಗೆ ಬಂದಿರೋದು!" ಎಂದು ಕಿಸಕ್ಕನೆ ನಕ್ಕರು. ಕಿರಣ ನಿಂತಿತು. ಅವರ ನಗು ಮುಗಿಯುವವರೆಗೂ ಯಂತ್ರ ಕಾಯಿತು, ನಾನೂ ಕಾದೆ.

ಕಂಡವರನ್ನೆಲ್ಲ ಹೊಟ್ಟೆ ಹಿಡಿದು ನಗುವಂತೆ ಮಾಡುತ್ತಿದ್ದವನು ನೀನು. ನಿನ್ನ ಸರದಿಯಲ್ಲಿ ಹಳೆಯ ಯಂತ್ರವಿತ್ತು. ಗೆಡ್ಡೆ ಅಲುಗದಿರಲೆಂದು ನಿನ್ನ ಹೊಟ್ಟೆಯನ್ನೇ ಹಲಗೆಯಿಂದ ಒತ್ತಿ ಹಿಡಿದಿದ್ದೆವು. ಕೊನೆಯ ಸಲ ನೀನು, "ಲೋ, ಒಂದು ಜೋಕು ಕೇಳು," ಅಂದೆ.

"ಈಗ ಬೇಡಪ್ಪಾ, ಅಲುಗ್ತೀಯ. ಮನೇಲಿ ಹೇಳು," ಅಂದೆ ನಾನು.

ಜೀವಮಾನದಲ್ಲಿ ಮೊದಲ ಸಲ ನೀನು ನನ್ನ ಮಾತು ಕೇಳಿ, ಸುಮ್ಮನಾದೆ. ಆ ಜೋಕು ನಿನ್ನ ಜೊತೆಗೇ ಹೋಯಿತು.