ಕುಡಿಯದೆ ದಾಟಿಸಿದ ಬಟ್ಟಲು

ಫೆಬ್ರವರಿ ೯, ಸೋಮವಾರ
ಅಂಗಡಿಯ ಹಿಂದಿನ ಕೋಣೆಯಿಂದ

ನನ್ನ ಗುಬ್ಬಿಗೆ,

ಅಪ್ಪನಿಂದ ತಲೆತುಂಬ ಆಶೀರ್ವಾದ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ಬರೆಯದೆ ಕೂತದ್ದಕ್ಕೆ ಬೈದುಕೊಂಡಿರುತ್ತೀ. ಕೆಲಸ ಜಾಸ್ತಿ ಎಂದು ಬರೆಯೋಣವೆಂದಿದ್ದೆ. ಸುಳ್ಳೂ ಅಲ್ಲ, ಮದುವೆಗಳ ಕಾಲ, ಅರ್ಧ ಊರಿನ ಕೋಟುಗಳು ಒಗೆತಕ್ಕೆ ಬಂದು ನಮ್ಮ ಕೊಕ್ಕೆಗಳಲ್ಲಿ ನೇತಾಡುತ್ತಿವೆ. ನಿನ್ನ ಅತ್ತೆ ಕೌಂಟರಿನಲ್ಲಿ ಕೂತು ಎಂದಿನಂತೆ ಗಿರಾಕಿಗಳಿಗೆ ಬುದ್ಧಿ ಹೇಳುತ್ತಾಳೆ. ಕಪ್ಪು ಕೋಟು ಯಾವಾಗ ಸಿಗುತ್ತದೆಂದು ಕೇಳಿದ ವಕೀಲರಿಗೆ, "ನಿಮ್ಮ ಕೇಸು ಮುಗಿಯೋದಕ್ಕಿಂತ ಬೇಗ ಸಿಗುತ್ತೆ, ಹೋಗಿ" ಅಂದಳು. ಅವರು ನಗುತ್ತಲೇ ಹೋದರು. ನಾನು ಹಾಗೆ ಅಂದಿದ್ದರೆ ಕೋಟು ಕಿತ್ತುಕೊಂಡು ಹೋಗುತ್ತಿದ್ದರು.

ಆದರೆ ನಿಜವಾದ ಕಾರಣ ಬೇರೆ. ನನಗೆ ಕೋಪ ಬಂದಿತ್ತು. ಜೈಲಿನಿಂದ ಬಂದ ನಿನ್ನ ಚಿಕ್ಕಪ್ಪನ ಕೈಯನ್ನು ನಾನು ಚರ್ಚಿನ ಸಭೆಯಲ್ಲಿ ಎಲ್ಲರೆದುರು ಹಿಡಿದು ಕ್ಷಮಿಸಿದೆನೆಂದು ಬರೆದರೆ, ನೀನು ಒಂದೇ ಸಾಲಿನಲ್ಲಿ ಕೇಳಿದೆ: "ಅಪ್ಪಾ, ಕಲೆ ತೆಗೆಯೋ ಮುಂಚೆನೇ ಇಸ್ತ್ರಿ ಹಾಕ್ಬಿಟ್ಯಾ?" ನಮ್ಮ ಅಂಗಡಿಯಲ್ಲಿ ಬೆಳೆದವಳು ಮಾತ್ರ ಕೇಳುವ ಪ್ರಶ್ನೆ. ಬಿಸಿ ತಾಗಿದ ಕಲೆ ಬಟ್ಟೆ ಹರಿಯುವವರೆಗೂ ಬಿಡುವುದಿಲ್ಲವೆಂದು ನಿನಗೆ ಕಲಿಸಿದವನೇ ನಾನು.

ನಮ್ಮ ಸಭೆಯ ಪದ್ಧತಿ ನಿನಗೆ ಗೊತ್ತಲ್ಲ. ಕರ್ತನ ಭೋಜನಕ್ಕೆ ಮುಂಚೆ ಮನಸ್ತಾಪ ಇದ್ದವರು ಮುಂದೆ ಹೋಗಿ ಕೈ ಹಿಡಿಯಬೇಕು, ಆಮೇಲೆಯೇ ಯೇಸುವಿನ ರಕ್ತದ ನೆನಪಿನ ಬಟ್ಟಲು ಬೆಂಚಿನಿಂದ ಬೆಂಚಿಗೆ ಬರುವುದು. ಅವನು ಬಂದ ಮೊದಲ ಭಾನುವಾರ ಪಾಸ್ಟರು ನನ್ನ ಕಡೆ ನೋಡಿದರು. ಇಡೀ ಸಭೆ ನೋಡಿತು. ಕುಡಿದು ನಮ್ಮ ವ್ಯಾನು ಓಡಿಸಿ, ಪಕ್ಕದಲ್ಲಿ ಕೂತಿದ್ದ ನಿನ್ನ ಅಮ್ಮನ ಜೀವ ತೆಗೆದವನು, ನನ್ನ ಒಡಹುಟ್ಟಿದವನು, ಬೆಂಚಿನ ಸಾಲಿನ ಕೊನೆಯಲ್ಲಿ ತಲೆತಗ್ಗಿಸಿ ನಿಂತಿದ್ದ. ನಾನು ಎದ್ದುಹೋಗಿ ಕೈ ಹಿಡಿದೆ. ಜನ ಅತ್ತರು. ನಿನ್ನ ಅತ್ತೆ ಕರವಸ್ತ್ರ ಸಾಲದೆ ಪಕ್ಕದವರದ್ದೂ ತೆಗೆದುಕೊಂಡಳು. ಕ್ಷಮಿಸಿದ್ದೇನೆ ಎಂದೇ ನಾನು ನಂಬಿದ್ದೆ.

ಅಂದು ಬಟ್ಟಲು ಅವನ ಕೈಗೆ ಬಂತು. ಅವನು ಕುಡಿಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಪಕ್ಕದವರಿಗೆ ದಾಟಿಸಿದ. ಮುಂದಿನ ಸಲವೂ ಅದೇ. ಮದ್ಯದ ಭಯ ಎನ್ನೋಣವೆಂದರೆ ನಮ್ಮ ಸಭೆಯಲ್ಲಿ ಹಿಂಡಿದ ದ್ರಾಕ್ಷಿಯ ರಸ, ಎಳೆಮಕ್ಕಳೂ ಕುಡಿಯುತ್ತಾರೆ. ಪಾಪವನ್ನು ಬಚ್ಚಿಟ್ಟುಕೊಂಡವನು ಆ ಬಟ್ಟಲು ಮುಟ್ಟಿದರೆ ಶಿಕ್ಷೆಯನ್ನೇ ಕುಡಿದ ಹಾಗೆ ಎಂದು ಪಾಸ್ಟರು ಪ್ರತಿ ಸಲವೂ ಎಚ್ಚರಿಸುತ್ತಾರೆ. ಹಾಗಾದರೆ ಇವನು ಬಚ್ಚಿಟ್ಟಿರುವುದು ಏನು?

ಅಲ್ಲಿಂದ ನನ್ನ ತಲೆಗೆ ಅನುಮಾನದ ಹುಳು ಹೊಕ್ಕಿತು, ಮಗಳೇ. ಈಗ ಅವನು ನಮ್ಮಲ್ಲೇ ಇದ್ದು ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಯಾವಾಗ ನೋಡಿದರೂ ಬಾಯಲ್ಲಿ ಪೆಪ್ಪರ್‌ಮಿಂಟ್. ಅಂಗಡಿ ಮುಚ್ಚಿದ ಮೇಲೆ ಒಬ್ಬನೇ ಎಲ್ಲಿಗೋ ಹೋಗಿ ಬರುತ್ತಾನೆ. ಕಲೆ ತೆಗೆಯುವ ಮೇಜಿನಲ್ಲಿ ಕೆಲಸ ಮಾಡುವಾಗ ಬಾಗಿಲು ಮುಂದೆ ಮಾಡಿಕೊಳ್ಳುತ್ತಾನೆ. ಕೆಲಸದಲ್ಲಿ ಎತ್ತಿ ತೋರಿಸುವ ತಪ್ಪಿಲ್ಲ, ಅದೂ ನನಗೆ ಅನುಮಾನವೇ. ಬಟ್ಟೆ ಕೈಗೆ ಬಂದ ಕೂಡಲೇ ಮೂಗಿಗೆ ಹಿಡಿಯುವುದು ನಮ್ಮ ಕಸುಬಿನ ಮೊದಲ ಪಾಠ. ಕಣ್ಣಿಗೆ ಎಲ್ಲ ಹಳೆಯ ಕಲೆಯೂ ಕಂದು, ಕಾಫಿಯೋ ರಕ್ತವೋ ಸಾರಾಯಿಯೋ ಎಂದು ಹೇಳುವುದು ಮೂಗು. ಆ ಮೂಗನ್ನು ಈಗ ಅವನ ಲೋಟಕ್ಕೆ ಹಿಡಿಯುತ್ತಿದ್ದೇನೆ. ಊಟ ಮುಗಿದು ಅವನು ಎದ್ದ ಮೇಲೆ ಲೋಟ ಎತ್ತಿ ಮೂಸುತ್ತೇನೆ. ಇದುವರೆಗೆ ನೀರಿನ ವಾಸನೆಯೇ. ನಿನ್ನ ಅತ್ತೆ ಕಂಡು, "ನಾಯಿ ಸಾಕೋಣ ಅಂತಿದ್ದೆ, ಇನ್ನು ಬೇಡ ಬಿಡು" ಅಂದಳು.

ಒಂದು ಉಪಾಯ ಸಿಕ್ಕಿದೆ. ಗಿರಾಕಿಯೊಬ್ಬರ ಕೋಟಿನ ಒಳಜೇಬಿನಲ್ಲಿ ಚಪ್ಪಟೆ ಬಾಟಲಿ ಇತ್ತು. ನೀರಿನಂತೆ ಬಣ್ಣವಿಲ್ಲದ ಮದ್ಯ, ಮುಕ್ಕಾಲು ತುಂಬಿದೆ. ಜೇಬಿನಲ್ಲಿ ಸಿಕ್ಕಿದ್ದನ್ನು ಚೀಟಿ ಕಟ್ಟಿ ಕೌಂಟರಿನ ಡಬ್ಬಿಗೆ ಹಾಕುವುದು ನಮ್ಮ ನಿಯಮ. ನಾನು ಹಾಕಲಿಲ್ಲ. ಅದರ ಮಟ್ಟಕ್ಕೆ ಸರಿಯಾಗಿ, ಬಟ್ಟೆಗೆ ಗುರುತು ಹಾಕುವ ಮೇಣದ ಪೆನ್ಸಿಲಿನಲ್ಲಿ ಗೆರೆ ಎಳೆದು, ಅವನ ಮೇಜಿನ ಮೇಲಿನ ಹಲಗೆಯಲ್ಲಿ, ಕಲೆ ತೆಗೆಯುವ ದ್ರಾವಣಗಳ ಸಾಲಿನಲ್ಲಿಟ್ಟೆ. ಮಟ್ಟ ಇಳಿದರೆ ಅವನ ಹಾಸಿಗೆ ಸುತ್ತಿ ಬೀದಿಗಿಡುತ್ತೇನೆ. ಇಳಿಯದಿದ್ದರೆ, ನೋಡೋಣ. ನಿನಗೆ ಮೊದಲು ತಿಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ

⁂

ಫೆಬ್ರವರಿ ೨೩, ಸೋಮವಾರ

ಗುಬ್ಬೀ,

ಈ ಸಲ ತಡಮಾಡದೆ ಬರೆಯುತ್ತಿದ್ದೇನೆ. ಹಿಂದಿನ ಕಾಗದಕ್ಕೆ ನೀನು ಉತ್ತರಿಸಿಲ್ಲ, ಉತ್ತರಿಸದಿದ್ದದ್ದೇ ಒಳ್ಳೆಯದಾಯಿತು. ಮೊದಲು ಇದನ್ನು ಓದು.

ಗುರುವಾರ ಮಧ್ಯಾಹ್ನ ನೋಡಿದರೆ ಬಾಟಲಿಯ ಮಟ್ಟ ಗೆರೆಗಿಂತ ಎರಡು ಬೆರಳು ಕೆಳಗಿತ್ತು. ನನಗೆ ಸಿಟ್ಟು ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಹಗುರವಾಯಿತು. ಬೆನ್ನ ಮೇಲಿನ ಮೂಟೆ ಯಾರೋ ಇಳಿಸಿದ ಹಾಗೆ. ನನ್ನ ಮೂಗು ಸುಳ್ಳು ಹೇಳಿಲ್ಲ, ಇವನು ಇರುವುದೇ ಹೀಗೆ ಎಂದು ಒಳಗೊಳಗೇ ಖುಷಿಪಟ್ಟೆ. ಆ ಖುಷಿಯ ನೆನಪಾದರೆ ಈಗ ಬರೆಯುವ ಕೈ ನಿಲ್ಲುತ್ತದೆ.

ಅವನು ಮೇಜಿನಲ್ಲಿ ಯಾರದೋ ಮದುವೆಯ ಬಿಳಿ ನಿಲುವಂಗಿಗೆ ಬಿದ್ದ ಕೆಂಪು ಕಲೆ ತೆಗೆಯುತ್ತಿದ್ದ. ಕಲೆಯ ಕೆಳಗೆ ಹಳೆಯ ಬಟ್ಟೆ ಮಡಿಸಿಟ್ಟು, ಮೇಲಿನಿಂದ ಬ್ರಷ್ಷಿನಲ್ಲಿ ಮೆಲ್ಲಗೆ ತಟ್ಟುತ್ತಾ. ನಾನು ಬಾಟಲಿ ತಂದು ಅವನ ಮುಂದೆ ಕುಕ್ಕಿದೆ. ಏನೇನು ಅಂದೆನೆಂದು ಎಲ್ಲ ಬರೆಯಲಾರೆ. ನಿನ್ನ ಅಮ್ಮನ ಹೆಸರೂ ಬಂತು. ಅವನು ಗೆರೆಯನ್ನು ನೋಡಿದ, ಅಂಗಡಿಯ ಪೆನ್ಸಿಲಿನದು, ನಾನೇ ಎಳೆದದ್ದು ಎಂದು ಅವನಿಗೆ ತಿಳಿಯಿತು. ಬ್ರಷ್ಷು ತೊಳೆದಿಟ್ಟು, ಕೈ ಒರೆಸಿಕೊಂಡು, ತನ್ನ ಕೋಣೆಗೆ ಹೋಗಿ ಬಟ್ಟೆ ತುಂಬಿಕೊಳ್ಳತೊಡಗಿದ. ತಪ್ಪಿಲ್ಲದವನು ಹೀಗೆ ಸುಮ್ಮನೆ ಹೋಗುತ್ತಾನೆಯೇ ಎಂದು ನಾನು ಇನ್ನೂ ಗಟ್ಟಿಯಾದೆ.

ಗಲಾಟೆ ಕೇಳಿ ನಿನ್ನ ಅತ್ತೆ ಕೌಂಟರು ಬಿಟ್ಟು ಬಂದಳು. ಬಾಟಲಿ ನೋಡಿ, "ಅಯ್ಯೋ, ಅದನ್ನ ಬಳಸಿದ್ದು ನಾನು" ಅಂದಳು. ಮೇಷ್ಟ್ರೊಬ್ಬರ ಅಂಗಿಯ ಕೈಗೆ ಬಾಲ್‌ಪೆನ್ನಿನ ಶಾಯಿ ಅಂಟಿತ್ತಂತೆ. ನಮ್ಮ ಸ್ಪಿರಿಟ್ ಖಾಲಿ. ಹಲಗೆಯ ಮೇಲೆ ಬಣ್ಣವಿಲ್ಲದ್ದೊಂದು ಕಂಡಿತು, ಮೂಸಿದಳು, ಸ್ಪಿರಿಟ್ಟಿನ ತಮ್ಮನ ಹಾಗಿತ್ತು, ಸುರಿದಳು. "ಶಾಯಿ ಚೆನ್ನಾಗೇ ಹೋಯ್ತು. ಆದ್ರೆ ಇದನ್ನ ಇಲ್ಲಿ ಇಟ್ಟೋರು ಯಾರು?"

ಹಲಗೆಯ ಮೇಲೆ ಇರುವುದೆಲ್ಲ ಕಲೆ ತೆಗೆಯಲು ಎಂದು ಅವಳು ನಂಬಿದ್ದಳು. ನಮ್ಮ ಅಂಗಡಿಯಲ್ಲಿ ಬೇರೆ ಏನೆಂದು ನಂಬಬೇಕು? ನಾನು ಇಟ್ಟೆ ಎಂದೆ. ಯಾಕೆಂದು ಹೇಳಬೇಕಾಗಲಿಲ್ಲ. ಅವಳು ಗೆರೆಯನ್ನೂ ನನ್ನ ಮುಖವನ್ನೂ ನೋಡಿ, "ದಿನಾ ಬೆಳಿಗ್ಗೆ ಶೋಧನೆಯಿಂದ, ಆಸೆಯ ಬಲೆಯಿಂದ ಕಾಪಾಡು ಅಂತ ಗಟ್ಟಿಯಾಗಿ ಬೇಡ್ಕೋತೀಯಲ್ಲ ಅಣ್ಣಾ, ಅವನಿಗೂ ಕೇಳಿಸ್ತಿರತ್ತೆ" ಎಂದು ಕೌಂಟರಿಗೆ ಹೋದಳು. ಅದರಲ್ಲಿ ನಗೆ ಇರಲಿಲ್ಲ.

ನಾನು ಅವನ ಕೋಣೆಯ ಬಾಗಿಲಲ್ಲಿ ನಿಂತೆ. ಅವನು ಅಂಗಿಗಳನ್ನು ನಮ್ಮ ಅಂಗಡಿಯ ಮಡಿಕೆಯಲ್ಲೇ ಮಡಿಸುತ್ತಿದ್ದ, ತೋಳು ಹಿಂದಕ್ಕೆ, ಕಾಲರು ಮೇಲಕ್ಕೆ.

"ನಾನಲ್ಲ ಅಂತ ಹೇಳ್ಬಾರದಿತ್ತಾ?" ಎಂದು ಕೇಳಿದೆ.

"ಹೇಳಿದ್ರೆ ನಂಬ್ತಿದ್ಯಾ?"

ಅವನು ಉತ್ತರಕ್ಕೆ ಕಾಯಲಿಲ್ಲ, ಮಡಿಸುತ್ತಲೇ ಇದ್ದ. ಕೊನೆಗೆ, ಅಲ್ಲಿಯವರೆಗೆ ಕೇಳಲು ಧೈರ್ಯ ಬಾರದ್ದನ್ನು ಕೇಳಿದೆ: ಸಭೆಯಲ್ಲಿ ಬಟ್ಟಲು ಯಾಕೆ ಕುಡಿಯುವುದಿಲ್ಲ, ಏನು ಬಚ್ಚಿಟ್ಟಿದ್ದೀಯ.

"ನಂದೇನೂ ಬಾಕಿ ಇಲ್ಲ ಅಣ್ಣ. ಎಲ್ಲಾ ದೇವರ ಮುಂದೆ ಹೇಳ್ಕೊಂಡಿದೀನಿ, ಕೋರ್ಟಿನ ಮುಂದೇನೂ ಹೇಳಿದೀನಿ. ಆದ್ರೆ ನಿನ್ನ ಸಹೋದರಂಗೆ ನಿನ್ ಮೇಲೆ ಏನಾದ್ರೂ ಕೋಪ ಇದ್ರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ರ ಹೋಗು ಅಂತಲ್ವಾ ಕರ್ತನ ಮಾತು? ನಿಂಗೆ ನನ್ ಮೇಲೆ ಇದೆ. ಅವತ್ತು ಕೈ ಹಿಡಿದಾಗ್ಲೇ ಗೊತ್ತಾಯ್ತು. ಇಸ್ತ್ರಿಪೆಟ್ಟಿಗೆ ಹಿಡಿಯೋ ಕೈ ನಿಂದು, ಯಾವಾಗ್ಲೂ ಬೆಚ್ಚಗಿರುತ್ತೆ. ಅವತ್ತು ತಣ್ಣಗಿತ್ತು." ಮಡಿಸಿದ ಅಂಗಿಯನ್ನು ಪೆಟ್ಟಿಗೆಗಿಟ್ಟು, "ಲೋಟ ಮೂಸೋದೂ ನಂಗೆ ಗೊತ್ತು. ಅದಕ್ಕೇ ತೊಳೀದೆ ಬಿಟ್ಟು ಹೋಗ್ತಿದ್ದೆ. ನಿಂಗೆ ಸಮಾಧಾನ ಆಗ್ಲಿ ಅಂತ" ಎಂದ.

ಭಾನುವಾರದ ಆರಾಧನೆ ಮುಗಿಸಿ ಸೋಮವಾರ ಹೊರಡುವೆನೆಂದ.

ನಾನು ಮೇಜಿಗೆ ಹಿಂತಿರುಗಿ ಅವನು ಅರ್ಧಕ್ಕೆ ಬಿಟ್ಟ ನಿಲುವಂಗಿ ಎತ್ತಿದೆ. ಬಿಳಿ ಬಹುಮಟ್ಟಿಗೆ ಬಿಳಿಯಾಗಿತ್ತು. ಕೆಳಗಿಟ್ಟ ಹಳೆಯ ಬಟ್ಟೆ ಕೆಂಪು. ಜೀವಮಾನವಿಡೀ ಈ ಕೆಲಸ ಮಾಡಿದ್ದೇನೆ, ಕಲೆ ಎಂದೂ ಮಾಯವಾಗುವುದಿಲ್ಲ, ಕೆಳಗೆ ಇರುವುದು ಹೀರಿಕೊಳ್ಳುತ್ತದೆ ಅಷ್ಟೇ. ಶಿಲುಬೆಯ ಬಗ್ಗೆ ಪಾಸ್ಟರು ಹೇಳುವುದೂ ಇದನ್ನೇ ಅಲ್ಲವೇ, ನಮ್ಮದನ್ನು ತನ್ನ ಮೇಲೆ ಇಳಿಸಿಕೊಂಡವನೊಬ್ಬನಿದ್ದಾನೆ ಎಂದು. ಹಾಡಿನ ಪುಸ್ತಕದಿಂದ ಅಕ್ಷರ ಕಲಿತ ನಾನು ಅದನ್ನು ಸಾವಿರ ಸಲ ಹಾಡಿದ್ದೇನೆ. ಆದರೆ ಅಂದು ಕೈ ಹಿಡಿದಾಗ ನಾನು ಏನನ್ನೂ ಇಳಿಸಿಕೊಳ್ಳಲಿಲ್ಲ, ಗುಬ್ಬಿ. ಮೇಲಿನಿಂದ ಇಸ್ತ್ರಿ ಎಳೆದೆ. ನೀನು ಕೇಳಿದ್ದು ಸರಿ.

ನಿನ್ನೆ ಸಭೆಯಲ್ಲಿ ಬಟ್ಟಲು ಬಂತು. ಅವನು ಎಂದಿನಂತೆ ಹಿಡಿದು, ಕುಡಿಯದೆ, ನನಗೆ ಕೊಟ್ಟ. ಇಷ್ಟು ವರ್ಷ ಒಂದು ಸಲವೂ ತಪ್ಪಿಸದವನು ನಾನು. ರಸದ ವಾಸನೆ ಮೂಗಿಗೆ ಬಂತು. ನಾನೂ ಕುಡಿಯದೆ ನಿನ್ನ ಅತ್ತೆಗೆ ದಾಟಿಸಿದೆ. ಅವಳು ನಮ್ಮಿಬ್ಬರನ್ನೂ ನುಂಗುವ ಹಾಗೆ ನೋಡಿ ತಾನು ಕುಡಿದಳು. ಹೊರಗೆ ಮೆಟ್ಟಿಲ ಮೇಲೆ ಅವನು ಚಪ್ಪಲಿ ಮೆಟ್ಟುತ್ತಾ, "ಈಗ ಇಬ್ರೂ ಉಪವಾಸ" ಎಂದ. ಜೈಲಿನಿಂದ ಬಂದ ಮೇಲೆ ಅವನ ನಗು ಮೊದಲ ಸಲ ಕೇಳಿದೆ. ನನಗೆ ಇನ್ನೂ ಕ್ಷಮಿಸಲು ಆಗಿಲ್ಲ ಕಣೋ, ಆಗುವವರೆಗೆ ಇಲ್ಲೇ ಇರು ಎಂದೆ. ಅಷ್ಟೇ ಹೇಳಲು ಸಾಧ್ಯವಾಯಿತು.

ಇಂದು ಸೋಮವಾರ. ಅವನು ಹೋಗಿಲ್ಲ, ಪೆಟ್ಟಿಗೆ ಬಿಚ್ಚಿಯೂ ಇಲ್ಲ. ನಿಲುವಂಗಿ ಮುಗಿಸಿ ಕೊಕ್ಕೆಗೆ ಹಾಕಿದ್ದಾನೆ. ಸಂಜೆ ಎಲ್ಲಿಗೆ ಹೋಗುತ್ತಾನೆಂದು ನನಗೆ ಇನ್ನೂ ಗೊತ್ತಿಲ್ಲ. ಅನುಮಾನ ಹೋಗಿದೆ ಎಂದುಕೊಳ್ಳಬೇಡ, ಅವನು ಬಾಗಿಲು ದಾಟಿದರೆ ಕತ್ತು ತಾನಾಗಿಯೇ ಅತ್ತ ತಿರುಗುತ್ತದೆ. ಲೋಟವನ್ನು ಮಾತ್ರ ಈಗ ನಾನೇ ತೊಳೆದಿಡುತ್ತೇನೆ, ಮೂಸಿಬಿಡದಂತೆ ಉಸಿರು ಬಿಗಿಹಿಡಿದು.

ಕರ್ತನು ನಿನ್ನ ಹೋಗುವಿಕೆಯನ್ನೂ ಬರುವಿಕೆಯನ್ನೂ ಕಾಯಲಿ. ನಿನ್ನ ನಿದ್ದೆ ಹಗುರವಾಗಿರಲಿ, ಮನಸ್ಸು ನನ್ನದಕ್ಕಿಂತ ದೊಡ್ಡದಾಗಿರಲಿ.

ನಿನ್ನ ಅಪ್ಪ

ತಾ.ಕ. ಕಾಗದ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ವ್ಯಾನಿನ ಅಪಘಾತದ ಆ ದಿನ ಆಸ್ಪತ್ರೆಯಲ್ಲಿ ನಾನು ರಕ್ತ ತರಲು ಓಡಿದ್ದೆ, ಬರುವಷ್ಟರಲ್ಲಿ ನಿನ್ನ ಅಮ್ಮ ಹೋಗಿದ್ದಳು. ಪಕ್ಕದ ಮಂಚದಲ್ಲಿದ್ದ ಅವನು ಆಮೇಲೆ ನನಗೆ ಹೇಳಿದ: ಅತ್ತಿಗೆ ನನ್ನ ಕಡೆ ತಿರುಗಿ, 'ನಿನ್ನ ಮೇಲೆ ಸಿಟ್ಟಿಲ್ಲ ಕಣೋ' ಎಂದಳು, ಅದೇ ಕೊನೆಯ ಮಾತು. ನಾನು ನಂಬಲಿಲ್ಲ. ಅವನು ಸುಳ್ಳುಗಾರನಾಗಿದ್ದರೆ ಮಾತ್ರ ನನಗೆ ತಡೆದುಕೊಳ್ಳಲು ಆಗುತ್ತಿತ್ತು, ಅದಕ್ಕೇ ಇಷ್ಟು ದಿನ ಅವನ ಸುಳ್ಳು ಹುಡುಕಿದೆ. ಕೊಂದವನಿಗೆ ಅವಳು ಒಂದು ಮಾತು ಕೊಟ್ಟು ಹೋದಳು, ನನಗೆ ಏನೂ ಇಲ್ಲ. ನೀನು ಅವಳ ತಲೆಯ ಹತ್ತಿರವೇ ಕೂತಿದ್ದೆ, ನಾನು ಒಮ್ಮೆಯೂ ನಿನ್ನನ್ನು ಕೇಳಲಿಲ್ಲ. ಅವನು ಹೇಳಿದ್ದು ನಿಜವೇ ಎಂದು ಬರೆಯಬೇಡ, ಅದನ್ನು ನಾನು ಮೂಸಿ ನೋಡದೆಯೇ ನಂಬಬೇಕು. ಆದರೆ ಮಗಳೇ, ಅವಳು ನನ್ನನ್ನು ಕೇಳಿದಳೇ? ಅಪ್ಪ ಎಲ್ಲಿ ಎಂದು ಒಂದು ಸಲವಾದರೂ ಕೇಳಿದಳೇ? ಅದನ್ನೊಂದು ಬರೆ.